ಮೇಘನಾದನ ಪ್ರಚಾರಾಧಿಕಾರಿ

ಹೋದ ತಿಂಗಳು ಮಂಡಿನೋವೆಂದು ಹಿಮಾಯತ್‌ನಗರದ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ವ್ಯಾಯಾಮ ಹೇಳಿಕೊಡುವ ಹುಡುಗಿ ನನ್ನ ಎರಡೂ ಮೀನಖಂಡಗಳಿಗೆ ದರ್ಜಿಯ ಹಾಗೆ ಟೇಪು ಸುತ್ತಿ ಅಳೆದಳು. ನಂಬಿಕೆ ಬಾರದೆ ಮತ್ತೊಮ್ಮೆ ಅಳೆದಳು. ಬಲಗಾಲು ಎಡಗಾಲಿಗಿಂತ ಎದ್ದು ಕಾಣುವಷ್ಟು ದಪ್ಪವಾಗಿತ್ತು. "ಅಂಕಲ್, ಫುಟ್‌ಬಾಲ್ ಆಡೇವಾರಾ?" ಎಂದು ತೆಲುಗಿನಲ್ಲಿ ಕೇಳಿದಳು. ಹಿಂದೆ ಫುಟ್‌ಬಾಲ್ ಆಡುತ್ತಿದ್ದಿರಾ ಎಂದು. ನಾನು ಒಂದು ಕ್ಷಣವೂ ಯೋಚಿಸದೆ, ಹೌದಮ್ಮಾ, ಕಾಲೇಜು ಟೀಮಿನಲ್ಲಿದ್ದೆ ಎಂದುಬಿಟ್ಟೆ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನನ್ನ ಹೆಂಡತಿ ಗಿರಿಜಾಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ನೀರು ಕುಡಿದರೂ ಆ ಕೆಮ್ಮು ಹೋಗಲಿಲ್ಲ. ಆಟೋದಲ್ಲಿ ಮನೆಗೆ ಬರುವಾಗಲೂ ಸೆರಗು ಬಾಯಿಗೆ ಇಟ್ಟುಕೊಂಡೇ ಇದ್ದಳು.

ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ? ನಾನು ಜನ್ಮದಲ್ಲಿ ಚೆಂಡು ಒದ್ದವನಲ್ಲ. ನಾನು ಒದ್ದದ್ದು ಮೇಘನಾದನನ್ನು.

ಮೇಘನಾದ ಎಂದರೆ ಒಂದು ಮೋಟಾರ್‌ಸೈಕಲ್ಲು. ಸನತ್‌ನಗರದ ಕೈಗಾರಿಕಾ ವಸಾಹತಿನಲ್ಲಿ ನಮ್ಮ ಕಾರ್ಖಾನೆ ಅದನ್ನು ತಯಾರಿಸುತ್ತಿತ್ತು. ನಾನು ಆ ಕಾರ್ಖಾನೆಯ ಪ್ರಚಾರಾಧಿಕಾರಿ. ಹುದ್ದೆಯ ಹೆಸರು ಕೇಳಿ ಮರುಳಾಗಬೇಡಿ. ಆ ಕಾಲದಲ್ಲಿ ಮೋಟಾರ್‌ಸೈಕಲ್ ಬೇಕೆಂದವರು ಹೆಸರು ಬರೆಸಿ ಕಾಯಬೇಕಿತ್ತು. ಮಗ ಹುಟ್ಟಿದಾಗ ಬರೆಸಿದವನಿಗೆ ಆ ಮಗ ಶಾಲೆಗೆ ಸೇರುವ ಹೊತ್ತಿಗೆ ಗಾಡಿ ಸಿಗುತ್ತಿತ್ತು. ಹೀಗೆ ಕಾದು ಕೂತ ಜನರಿಗೆ ಪ್ರಚಾರ ಯಾಕೆ ಬೇಕು? ಅವರಿಗೆ ಬೇಕಾಗಿದ್ದದ್ದು ಸಮಾಧಾನ. 'ತಮ್ಮ ತಾಳ್ಮೆಯೇ ನಮ್ಮ ಶಕ್ತಿ' ಎಂದು ನಾನೇ ಒಂದು ವಾಕ್ಯ ಕಟ್ಟಿ ಎಲ್ಲರಿಗೂ ಉತ್ತರ ಕಳಿಸುತ್ತಿದ್ದೆ. ಆ ವಾಕ್ಯದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಗಾಡಿಯೂ ಹೆಸರಿಗೆ ತಕ್ಕಂತಿತ್ತು. ಎಂದೋ ಬಾಗಿಲು ಹಾಕಿದ ಒಂದು ವಿಲಾಯತಿ ಕಂಪನಿಯ ನಕ್ಷೆಗಳನ್ನು ತಂದು ನಮ್ಮವರು ಅದನ್ನು ಕಟ್ಟಿದ್ದರು. ಭಾರ ಎಷ್ಟೆಂದರೆ, ಸ್ಟ್ಯಾಂಡಿನಿಂದ ಇಳಿಸುವಾಗ ಒಮ್ಮೆ ದೇವರ ನೆನಪಾಗುತ್ತಿತ್ತು, ಏರಿಸುವಾಗ ಎಲ್ಲ ದೇವರುಗಳ ನೆನಪಾಗುತ್ತಿತ್ತು. ನಿಂತಲ್ಲೆಲ್ಲ ಎಣ್ಣೆ ತೊಟ್ಟಿಕ್ಕುತ್ತಿತ್ತು. ದೂರು ಬಂದರೆ, "ಎಣ್ಣೆ ಸೋರುತ್ತಿದೆ ಎಂದರೆ ಒಳಗೆ ಎಣ್ಣೆ ಇದೆ ಎಂದಾಯಿತಲ್ಲ" ಎಂದು ನಾವು ಉತ್ತರ ಕೊಡುತ್ತಿದ್ದೆವು. ಒಮ್ಮೆ ಜಾಹೀರಾತಿಗಾಗಿ ಹಳೇ ಊರಿನ ಒಬ್ಬ ಪೈಲ್ವಾನರನ್ನು ಕರೆಸಿದ್ದೆ. ಹುರಿಮೀಸೆ, ಕಂಬದಂಥ ತೊಡೆ. 'ಗಂಡಸಿನ ಗಾಡಿ' ಎಂಬುದು ನನ್ನ ಕಲ್ಪನೆ. ಪೈಲ್ವಾನರು ಮುಂಜಾನೆಯಿಂದ ಊಟದ ಹೊತ್ತಿನವರೆಗೆ ಕಿಕ್ ಹೊಡೆದರು, ಗಾಡಿ ಉಸಿರೆತ್ತಲಿಲ್ಲ. ಕೊನೆಗೆ ಅವರು ಗಾಡಿಯ ಪಕ್ಕ ಕೈಕಟ್ಟಿ ನಿಂತ ಚಿತ್ರವನ್ನೇ ತೆಗೆದೆವು. ಅವರ ಮುಖದಲ್ಲಿದ್ದ ಸಿಟ್ಟನ್ನು ಜನ ಗಾಂಭೀರ್ಯವೆಂದುಕೊಂಡರು.

ಇಂಥ ಗಾಡಿಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದಕ್ಕೆ ನಮ್ಮ ಅಪ್ಪನೇ ಕಾರಣವಿರಬೇಕು. ಅಪ್ಪ ರೈಲಿನ ಗಾರ್ಡು. ನಾನು ಬೆಳೆದದ್ದು ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಗೋಡೆಯಾಚೆ ಉಗಿಯ ಎಂಜಿನ್ನು ಹಾದರೆ ಅಡುಗೆಮನೆಯ ತಾಟುಗಳು ತಾವಾಗಿಯೇ ಕುಣಿಯುತ್ತಿದ್ದವು, ಅವ್ವ ಒಂದು ಕೈಯಲ್ಲಿ ರೊಟ್ಟಿ ಬಡಿಯುತ್ತ ಇನ್ನೊಂದು ಕೈಯಲ್ಲಿ ಅವನ್ನು ಹಿಡಿದುಕೊಳ್ಳುತ್ತಿದ್ದಳು. ಹಾಗಾಗಿ ಸದ್ದಿಲ್ಲದ ಯಂತ್ರ ಕೆಲಸ ಮಾಡುತ್ತದೆಂದು ನಾನು ನಂಬುತ್ತಿರಲಿಲ್ಲ. ಅಪ್ಪ ಮಾತ್ರ ಸದ್ದಿಲ್ಲದ ಮನುಷ್ಯ. ಎದುರಿಗೆ ಬಂದರೆ ನನ್ನನ್ನು ನೋಡುವ ಮೊದಲು ಗಡಿಯಾರ ನೋಡುತ್ತಿದ್ದರು, ನಾನು ತಡವಾಗಿ ಬಂದ ಪ್ಯಾಸೆಂಜರ್ ಗಾಡಿ ಎನ್ನುವ ಹಾಗೆ. ಅವ್ವ ತೀರಿಕೊಂಡ ಮೇಲೆ, ನಿವೃತ್ತರಾಗಿ, ಮಲ್ಕಾಜ್‌ಗಿರಿಯ ನಮ್ಮ ಮನೆಗೆ ಬಂದರು. ದಿನಾ ಬೆಳಿಗ್ಗೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಮುಖದ ಮುಂದೆ ಪೇಪರು ಹಿಡಿದು ಕೂಡುತ್ತಿದ್ದರು. ನಾನು ಅವರೆದುರಿಗೇ ಬೆವರು ಸುರಿಸಿ ಮೇಘನಾದನನ್ನು ಎಬ್ಬಿಸುತ್ತಿದ್ದೆ. ಪೇಪರು ಎಂದೂ ಕೆಳಗಿಳಿಯಲಿಲ್ಲ. ಅಪ್ಪನೂ ಮಗನೂ ಹೀಗೆ ಬಹಳ ವರ್ಷ ಮಾತಿಲ್ಲದೆ ಸುಖವಾಗಿದ್ದೆವು.

ಆಮೇಲೆ ಜಪಾನಿನವರು ಬಂದರು. ಅವರು ಸ್ವತಃ ಬರಲಿಲ್ಲ. ನಮ್ಮ ದೇಶದ ಕಂಪನಿಗಳ ಜೊತೆ ಸೇರಿಕೊಂಡು ಅವರ ಸಣ್ಣ ಸಣ್ಣ ಮೋಟಾರ್‌ಸೈಕಲ್ಲುಗಳು ಬಂದವು. ನಮ್ಮ ಆಫೀಸಿನಲ್ಲಿ ನಾವು ಅವುಗಳಿಗೆ ಗಾಳಿಪಟ ಎಂದು ಹೆಸರಿಟ್ಟೆವು. ಒಂದು ಸಭೆಯಲ್ಲಿ ನಾನು ಎದ್ದು ನಿಂತು, "ಹುಸೇನ್ ಸಾಗರದ ಮೇಲೆ ಒಂದು ಜೋರು ಗಾಳಿ ಬೀಸಲಿ, ಇವೆಲ್ಲ ತೇಲಿ ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ಇಳಿಯುತ್ತವೆ" ಎಂದೆ. ಎಲ್ಲರೂ ಮೇಜು ಕುಟ್ಟಿ ನಕ್ಕರು. ನಗದೇ ಇದ್ದವರು ಮುನೀರ್ ಸಾಹೇಬರು ಒಬ್ಬರೇ. ಅವರು ಕಾರ್ಖಾನೆಯ ಮಾಲೀಕರು. ಕಲಬುರಗಿ ಕಡೆಯವರಾದ್ದರಿಂದ ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಬಿಳಿ ಗಡ್ಡದ, ಇಸ್ತ್ರಿ ಕೆಡದ ಶೇರ್ವಾನಿಯ, ವಯಸ್ಸಾದ ಮೇಲೂ ದಿನಾ ಮೇಘನಾದನ ಮೇಲೇ ಕಾರ್ಖಾನೆಗೆ ಬರುವ ಮನುಷ್ಯ.

ಗಾಳಿ ಬೀಸಲಿಲ್ಲ. ಕಾಯುತ್ತಿದ್ದ ಜನ ಮಾತ್ರ ಕಾಯುವುದನ್ನು ಬಿಟ್ಟರು. ಹೆಸರು ಬರೆಸಿದವರು ಒಬ್ಬೊಬ್ಬರಾಗಿ ಹೆಸರು ಹೊಡೆಸಿಹಾಕಿದರು. ಕಾರ್ಖಾನೆಯ ಅಂಗಳದಲ್ಲಿ ತಯಾರಾದ ಮೇಘನಾದರು ಸಂತೆಯಲ್ಲಿ ಮಾರಾಟವಾಗದೆ ಉಳಿದ ಎಮ್ಮೆಗಳ ಹಾಗೆ ಸಾಲಾಗಿ ನಿಂತರು, ಒಂದೊಂದರ ಕೆಳಗೂ ಒಂದೊಂದು ಎಣ್ಣೆಯ ಕೊಳ. ಎರಡನೆಯ ಪಾಳಿ ನಿಂತಿತು. ಗೇಟಿನ ಮುಂದಿನ ಚಹಾದಂಗಡಿಯಲ್ಲಿ ಕೆಲಸಗಾರರು ನನ್ನನ್ನು ಕಂಡರೆ, "ಪಾಟೀಲ್ ಸಾಬ್, ಕಾರ್ಖಾನಾ ಚಲೇಗಾ ನಾ?" ಎಂದು ಕೇಳತೊಡಗಿದರು. ಕಾರ್ಖಾನೆ ನಡೆಯುತ್ತದೋ ಇಲ್ಲವೋ ಎಂದು ಪ್ರಚಾರಾಧಿಕಾರಿಯನ್ನು ಕೇಳುವ ಮಟ್ಟಕ್ಕೆ ಬಂದಿತ್ತು ಪರಿಸ್ಥಿತಿ. ನಾನು 'ತಮ್ಮ ತಾಳ್ಮೆಯೇ ನಮ್ಮ ಶಕ್ತಿ' ಎನ್ನಲು ಬಾಯಿ ತೆರೆದು, ಅವರ ಮುಖ ನೋಡಿ, ಚಹಾ ಕುಡಿದು ಬರುತ್ತಿದ್ದೆ.

ಒಂದು ದಿನ ಸಾಹೇಬರು ನನ್ನನ್ನು ಕರೆದರು. "ಪಾಟೀಲ್ರ, ಹಿಮಾಯತ್‌ನಗರದಾಗ ಅವರ ಶೋರೂಮ್ ಆಗ್ಯಾದಂತ. ಮಂದಿ ಅಲ್ಲಿ ಯಾಕ ಹೋಗ್ಲತಾರ, ನೀವೇ ಹೋಗಿ ನೋಡಿ ಬರ್ರಿ. ಗಿರಾಕಿ ಆಗಿ ಹೋಗ್ರಿ. ನಮ್ಮ ಹೆಸರು ಬ್ಯಾಡ."

ಗೂಢಚಾರನ ಕೆಲಸ! ಆ ರಾತ್ರಿ ಊಟ ಸರಿಯಾಗಿ ಸೇರಲಿಲ್ಲ. ಮರುದಿನ ಅಪ್ಪನ ಹಳೆಯ ಕಪ್ಪು ಕೋಟು ತೊಟ್ಟೆ. ಗಿರಿಜಾಳ ಓದುವ ಕನ್ನಡಕ ಕೇಳಿದೆ.

"ಅದು ಹೆಂಗಸರ ಕನ್ನಡಕ ಐತ್ರಿ," ಎಂದಳು.

"ಇರಲಿ. ನಾನು ಇವತ್ತು ಕಾಲೇಜು ಪ್ರೊಫೆಸರ್."

"ಏನ್ ಕಲಸ್ತೀರಿ?"

ಅದನ್ನು ಯೋಚಿಸಿರಲಿಲ್ಲ. "ಇತಿಹಾಸ" ಎಂದೆ. ಗಿರಿಜಾ ಅಂಗಳದಲ್ಲಿದ್ದ ಮೇಘನಾದನ ಕಡೆ ಒಮ್ಮೆ ನೋಡಿ, "ಅದು ಒಪ್ಪತೈತಿ ಬಿಡ್ರಿ," ಎಂದು ಕನ್ನಡಕ ಕೊಟ್ಟಳು.

ಮೇಘನಾದನ ಮೇಲೆ ಹೋದರೆ ಶೋರೂಮಿನವರಿಗೆ ನಾನು ಬರುವುದು ನಾರಾಯಣಗುಡದಲ್ಲಿರುವಾಗಲೇ ಕೇಳುತ್ತದೆ. ಆದ್ದರಿಂದ ಗಾಡಿಯನ್ನು ದೂರದ ಒಂದು ಗಲ್ಲಿಯಲ್ಲಿ ನಿಲ್ಲಿಸಿ, ಕನ್ನಡಕದೊಳಗಿಂದ ರಸ್ತೆಯೆಲ್ಲ ಮಸುಕುಮಸುಕಾಗಿ ಕಾಣುತ್ತಿರಲು, ನಡೆದು ಹೋದೆ. ಶೋರೂಮಿನ ಮುಂದೆ ಚೆಂಡುಹೂವಿನ ತೋರಣ, ಪೆಂಡಾಲು, ಜನವೋ ಜನ. ಟೈ ಕಟ್ಟಿದ ಒಬ್ಬ ನಗುಮೊಗದ ತರುಣ ಓಡಿಬಂದ. ಮೂರ್ತಿ ಎಂದು ಹೆಸರು. "ರಂಡಿ ಸಾರ್, ಕೂರ್ಚೋಂಡಿ," ಎಂದು ತೆಲುಗಿನಲ್ಲಿ ಸ್ವಾಗತಿಸಿ ಕೂರಿಸಿದ, ತಣ್ಣನೆಯ ನೀರು ಕೊಟ್ಟ. ನಮ್ಮ ಕಾರ್ಖಾನೆಗೆ ಬಂದ ಗಿರಾಕಿಗೆ ನಾವು ಎಂದಾದರೂ ಕುರ್ಚಿ ಕೊಟ್ಟದ್ದುಂಟೇ ಎಂದು ನೆನೆಸಿಕೊಳ್ಳಲು ಪ್ರಯತ್ನಿಸಿದೆ. ಬೆಂಚೊಂದು ಇತ್ತು. ಅದರ ಮೇಲೆ ವಾಚ್‌ಮನ್ ಮಲಗುತ್ತಿದ್ದ.

"ಸಾರ್ ಪೇರು?"

"ಪ್ರೊಫೆಸರ್ ರಾವ್," ಎಂದೆ. ಮೂರ್ತಿ ಇನ್ನೇನೂ ಕೇಳಲಿಲ್ಲ. ಸೀದಾ ಒಂದು ಗಾಡಿಯನ್ನು ಒಂದೇ ಕೈಯಲ್ಲಿ ಸ್ಟ್ಯಾಂಡಿನಿಂದ ಇಳಿಸಿ ನನ್ನ ಮುಂದೆ ನಿಲ್ಲಿಸಿದ. ಒಂದೇ ಕೈ! "ಒಂದು ರೌಂಡ್ ಹೋಗಿ ಬನ್ನಿ ಸಾರ್," ಎಂದ.

ನಾನು ಅಭ್ಯಾಸದಂತೆ ಕೋಟಿನ ಗುಂಡಿ ಬಿಚ್ಚಿದೆ. ಕಾಲು ಅಗಲಿಸಿ ನಿಂತೆ. ಒಮ್ಮೆ ಉಸಿರು ಎಳೆದುಕೊಂಡು, ಮೈಯ ಭಾರವನ್ನೆಲ್ಲ ಬಲಗಾಲಿಗೆ ತಂದು ಕಿಕ್ಕರಿನ ಮೇಲೆ ಹಾಕಿದೆ. ಅಲ್ಲಿ ತಡೆಯುವುದಕ್ಕೆ ಏನೂ ಇರಲಿಲ್ಲ. ಕಿಕ್ಕರು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು, ಅದರ ಹಿಂದೆ ನಾನೂ ಇಳಿದೆ. ಮೂರ್ತಿ ಹಿಡಿಯದಿದ್ದರೆ ಪಕ್ಕದ ತೋರಣದ ಕಂಬಕ್ಕೆ ಹಣೆ ತಗಲುತ್ತಿತ್ತು. ಎದ್ದು ನೋಡಿದರೆ ಗಾಡಿ ಚಾಲೂ ಆಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಹೊಲಿಗೆ ಯಂತ್ರದಷ್ಟು ಸದ್ದು ಮಾತ್ರ.

ಇನ್ನೊಂದು ವಿಷಯ ನಿಮಗೆ ಹೇಳಬೇಕು. ಮೇಘನಾದನ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈ ಹೊಸ ಗಾಡಿಗಳಲ್ಲಿ ಎಲ್ಲ ಅದಲುಬದಲು. ಮೊದಲ ಗೇರನ್ನು ಮೂರ್ತಿಯೇ ಹಾಕಿಕೊಟ್ಟ, ಹೊರಟೆ. ಮುಂದಿನ ಗೇರಿಗೆಂದು ಬಲಗಾಲು ಒತ್ತಿದೆ. ಹಿಮಾಯತ್‌ನಗರದ ಮುಖ್ಯ ರಸ್ತೆಯ ನಟ್ಟನಡುವೆ ಗಾಡಿ ಗಕ್ಕನೆ ನಿಂತುಬಿಟ್ಟಿತು. ಹಿಂದಿನ ಆಟೋದವನು ನನ್ನ ವಂಶವನ್ನೆಲ್ಲ ನೆನೆದ. ಮೂರ್ತಿ ಮಾತ್ರ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿ, "ಚೂಶಾರಾ ಸಾರ್, ಬ್ರೇಕ್ ಎಲಾ ಉಂದೋ!" ಎಂದು ಕೂಗಿದ. ಬ್ರೇಕು ಹೇಗಿದೆ ನೋಡಿದಿರಾ ಎಂದು!

ಆಮೇಲೆ ಕಾಲು ದಾರಿಗೆ ಬಂತು. ಲಿಬರ್ಟಿ ಚೌಕ ದಾಟಿದೆ. ಕೈಗೆ ನಡುಕವಿಲ್ಲ, ಹಲ್ಲು ಕಟಕಟಿಸುತ್ತಿಲ್ಲ. ಸಿಗ್ನಲ್ಲಿನಲ್ಲಿ ನಿಂತರೆ ಪಕ್ಕದ ರಿಕ್ಷಾದಲ್ಲಿ ಇಬ್ಬರು ಹೆಂಗಸರು ಬದನೆಕಾಯಿಯ ಬಗ್ಗೆ ಮಾತಾಡುವುದು ಕೇಳಿಸಿತು. ಗಾಡಿಯ ಮೇಲೆ ಕೂತು ಇನ್ನೊಬ್ಬರ ಮಾತು ಕೇಳಿದ್ದು ಅದೇ ಮೊದಲು. ಸಿಗ್ನಲ್ಲಿನಲ್ಲಿ ಎಂಜಿನ್ ಬಂದ್ ಬಿದ್ದೀತೆಂಬ ಭಯವೂ ಇಲ್ಲ. ನಾನು ಗೂಢಚಾರ ಎಂಬುದು ಮರೆತುಹೋಯಿತು. ಪ್ರೊಫೆಸರ್ ಎಂಬುದೂ ಮರೆತುಹೋಯಿತು. ಒಂದು ಸುತ್ತು ಎಂದವನು ಇನ್ನೊಂದು ಸುತ್ತು ಹೊಡೆದು ಶೋರೂಮಿಗೆ ಮರಳಿದಾಗ ಕನ್ನಡಕ ತಲೆಯ ಮೇಲೇರಿತ್ತು, ಮುಖದ ತುಂಬ ನಗು ಹರಡಿತ್ತು. ಯಾರೋ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ಯಾರೋ "ಸಾರ್, ಇಟು" ಎಂದರು. ಅತ್ತ ತಿರುಗಿದೆ. ಕಣ್ಣಿಗೆ ಬೆಳಕು ಹೊಡೆಯಿತು.

ಆ ಬೆಳಕು ಏನೆಂದು ತಿಳಿದದ್ದು ಭಾನುವಾರ.

ಪೇಪರಿನ ಅರ್ಧ ಪುಟದಲ್ಲಿ ನಾನಿದ್ದೆ. ಕೊರಳಲ್ಲಿ ಹಾರ, ಗಾಳಿಪಟದ ಟ್ಯಾಂಕಿನ ಮೇಲೆ ಪ್ರೀತಿಯಿಂದ ಇಟ್ಟ ಕೈ, ಕಿವಿಯಿಂದ ಕಿವಿಯವರೆಗೆ ನಗು. ಕೆಳಗೆ ದೊಡ್ಡ ಅಕ್ಷರದಲ್ಲಿ, 'ಪ್ರೊಫೆಸರ್ ರಾವ್ ಮೆಚ್ಚಿದರು. ನೀವು?' ಎಂದಿತ್ತು. ಪ್ರಚಾರದ ಕೆಲಸ ಬಲ್ಲವನಾಗಿ ಹೇಳುತ್ತೇನೆ, ಅದು ಬಹಳ ಒಳ್ಳೆಯ ಜಾಹೀರಾತು. ನನ್ನ ಪೈಲ್ವಾನರು ಅದರ ಮುಂದೆ ಶ್ರಾದ್ಧಕ್ಕೆ ಬಂದವರ ಹಾಗೆ ಕಾಣುತ್ತಿದ್ದರು.

ಪೇಪರನ್ನು ಮೊದಲು ನೋಡಿದವರು ಅಪ್ಪ. ಆ ಪುಟವನ್ನು ಮಡಚಿ ಸೊಸೆಯ ಕೈಗೆ ಕೊಟ್ಟರು. ಗಿರಿಜಾ ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇವರು ಯಾರ್ರಿ? ಭಾಳ ಚಂದ ನಗಾಕತ್ತಾರ. ಒಂದ್ ಸಲ ನಮ್ಮನಿಗೂ ಕರಕೊಂಡ್ ಬರ್ರಿ."

ನನಗೆ ನಗು ಬರಲಿಲ್ಲ. ಕೆಲಸ ಹೋಯಿತೆಂದೇ ತಿಳಿದೆ. ಸೋಮವಾರ ಗೇಟಿನಲ್ಲಿ ವಾಚ್‌ಮನ್ ಸೆಲ್ಯೂಟ್ ಹೊಡೆದು, "ಆಯಿಯೇ ಪ್ರೊಫೆಸರ್ ಸಾಬ್," ಎಂದ. ಯಂತ್ರಶಾಲೆಯ ಮುಂದೆ ಹಾದರೆ ಒಳಗಿನಿಂದ ಸಿಳ್ಳೆ. ನನ್ನ ಮೇಜಿನ ಮೇಲೆ ಯಾರೋ ಒಂದು ಚೆಂಡುಹೂ ಇಟ್ಟಿದ್ದರು. ಸಾಹೇಬರಿಂದ ಕರೆ ಬಂತು.

ಅವರ ಮುಂದೆ ಆ ಪುಟ ಹರಡಿಕೊಂಡಿತ್ತು. "ಕೂಡ್ರಿ," ಎಂದರು. ಕೂತೆ. "ಕೈಸಾ ಥಾ?" ಎಂದು ಕೇಳಿದರು. ಹೇಗಿತ್ತು?

ನಾನು ಮೊದಲೇ ಬಾಯಿಪಾಠ ಮಾಡಿಕೊಂಡು ಹೋಗಿದ್ದನ್ನು ಒಪ್ಪಿಸತೊಡಗಿದೆ. ತಗಡು ತೆಳು, ಪ್ಲಾಸ್ಟಿಕ್ ಜಾಸ್ತಿ, ನಮ್ಮ ಹಳ್ಳಿಯ ರಸ್ತೆಗೆ ಒಂದು ಮಳೆಗಾಲವೂ ಬಾಳುವುದಿಲ್ಲ, ಗಂಡಸರು ಇದನ್ನು ಒಪ್ಪುವುದಿಲ್ಲ...

ಸಾಹೇಬರು ಕೈಯೆತ್ತಿದರು. ಚಿತ್ರದಲ್ಲಿದ್ದ ನನ್ನ ಬಾಯಿಯ ಮೇಲೆ ಬೆರಳಿಟ್ಟರು. "ಅದು ಕೇಳಿಲ್ರೀ ನಾ. ಈ ನಗಿ ಹ್ಯಾಂಗ ಬಂತು, ಅದು ಹೇಳ್ರಿ."

ಎಲ್ಲ ಹೇಳಿದೆ. ಬೆಣ್ಣೆಯ ಕಿಕ್ಕರು, ಒಂದೇ ಕೈ, ಬದನೆಕಾಯಿ, ಸಿಗ್ನಲ್ಲು. ಹೇಳುತ್ತ ಹೇಳುತ್ತ ಎಷ್ಟು ಉತ್ಸಾಹ ಬಂತೆಂದರೆ ಕುರ್ಚಿಯಲ್ಲೇ ಎಡಗಾಲಿನಿಂದ ಗೇರು ಹಾಕಿ ತೋರಿಸಿದೆ. ಮುಗಿಸಿ ಕಣ್ಣೆತ್ತಿದೆ. ಆ ಕೋಣೆಯ ಗೋಡೆಯ ಮೇಲೆ ಮೊದಲ ಮೇಘನಾದನ ಪಕ್ಕ ನಿಂತ ಸಾಹೇಬರ ಪ್ರಾಯದ ಚಿತ್ರವಿತ್ತು. ಅದರಲ್ಲಿ ಅವರೂ ಹೀಗೇ ನಗುತ್ತಿದ್ದರು.

"ನಾಳಿ ನನ್ನ ಕರಕೊಂಡು ಹೋಗ್ರಿ," ಎಂದರು ಸಾಹೇಬರು.

ಮರುದಿನ ಸಾಹೇಬರು ಶೇರ್ವಾನಿ ಬಿಟ್ಟು ಸಾದಾ ಪೈಜಾಮ ಅಂಗಿಯಲ್ಲಿ ಬಂದರು. ನನಗೆ ಕನ್ನಡಕದ ಗೋಜು ಬೇಕಿರಲಿಲ್ಲ, ಊರಿಗೆಲ್ಲ ನನ್ನ ಮುಖ ಗೊತ್ತಿತ್ತು. ಮೂರ್ತಿ "ಪ್ರೊಫೆಸರ್ ಗಾರೂ!" ಎಂದು ತಬ್ಬಿಕೊಂಡೇಬಿಟ್ಟ. ಇವರು ನಮ್ಮ ಹಿರಿಯರು ಎಂದು ಸಾಹೇಬರನ್ನು ಪರಿಚಯಿಸಿದೆ. ಸುಳ್ಳೇನಲ್ಲವಲ್ಲ. ಸಾಹೇಬರು ಗಾಡಿಯ ಸುತ್ತ ಒಮ್ಮೆ ಸುತ್ತು ಬಂದು, ಬಗ್ಗಿ ಅದರ ಹೊಟ್ಟೆಯ ಕೆಳಗೆ ಕೈ ಸವರಿ, ಬೆರಳು ನೋಡಿಕೊಂಡರು. ಎಣ್ಣೆ ಇರಲಿಲ್ಲ. ಅಭ್ಯಾಸಬಲದಿಂದ ಆ ಒಣ ಬೆರಳನ್ನೇ ಕರವಸ್ತ್ರಕ್ಕೆ ಒರೆಸಿಕೊಂಡರು. ಆಮೇಲೆ ಹತ್ತಿ ಹೊರಟುಹೋದರು.

ಹೋದವರು ಬರಲೇ ಇಲ್ಲ. ಮೂರ್ತಿ ನನಗೆ ಚಹಾ ತರಿಸಿದ, ಚಹಾ ಮುಗಿಯಿತು. ಇನ್ನೊಂದು ತರಿಸಿದ, ಅದೂ ಮುಗಿಯಿತು. ಅವನ ನಗು ಸಣ್ಣದಾಗತೊಡಗಿತು. "ಪೆದ್ದಾಯನ ಡ್ರೈವಿಂಗ್ ಬಾಗಾನೇ ಚೇಸ್ತಾರಾ?" ಎಂದು ಮೆಲ್ಲಗೆ ಕೇಳಿದ, ಹಿರಿಯರಿಗೆ ಗಾಡಿ ಓಡಿಸುವುದು ಚೆನ್ನಾಗಿ ಬರುತ್ತದೆ ತಾನೇ ಎಂದು. ಮೋಟಾರ್‌ಸೈಕಲ್ ಕಾರ್ಖಾನೆಯ ಮಾಲೀಕರ ಬಗ್ಗೆ ಏನು ಹೇಳಲಿ? ನನ್ನ ತಲೆಯಲ್ಲೂ ಗೇರು ಬ್ರೇಕುಗಳ ಅದಲುಬದಲು ಸುತ್ತುತ್ತಿತ್ತು. ಸಾಹೇಬರು ಎಲ್ಲೋ ಬಸ್ಸಿನ ಕೆಳಗೆ ಬಿದ್ದಂತೆ, ನಾನು ಅವರ ಬೇಗಂ ಸಾಹೇಬರ ಮುಂದೆ ನಿಂತಂತೆ, ಮರುದಿನದ ಪೇಪರಿನಲ್ಲಿ ಮತ್ತೆ ನನ್ನ ಚಿತ್ರ ಬಂದಂತೆ ಕಾಣತೊಡಗಿತು.

ಕೊನೆಗೆ ಬಂದರು. ಗಡ್ಡ ಗಾಳಿಗೆ ಕೆದರಿತ್ತು. ಇಳಿದು, ಕೀಲಿ ಮೂರ್ತಿಗೆ ಕೊಟ್ಟು, ಪೆಂಡಾಲಿನ ಕುರ್ಚಿಯಲ್ಲಿ ಕೂತರು.

"ಟ್ಯಾಂಕ್‌ಬಂಡ್ ಮ್ಯಾಲೆ ಹೋಗಿದ್ದೆ," ಎಂದರು ನನಗೆ ಮಾತ್ರ ಕೇಳುವಂತೆ. "ನೀರು ನೋಡ್ದೆ. ಹಕ್ಕಿ ಇದ್ವು. ನಮ್ಮ ಗಾಡಿ ಮ್ಯಾಲೆ ದಿನಾ ಅದೇ ದಾರೀಲಿ ಹೋಗೀನಿ ಪಾಟೀಲ್ರ, ಒಂದಿನಾನೂ ನೀರು ನೋಡಿಲ್ಲ. ಬರೇ ಎಂಜಿನ್ ಸಪ್ಪಳ ಕೇಳ್ಕೋತ, ಎಲ್ಲಿ ಬಂದ್ ಬೀಳ್ತದೋ ಅಂತ ಹೋಗೀನಿ. ಇದರ ಮ್ಯಾಲೆ ಕೂತ್ರ ಗಾಡಿದು ನೆಪ್ಪೇ ಬರಂಗಿಲ್ಲ." ಸ್ವಲ್ಪ ಹೊತ್ತು ರಸ್ತೆ ನೋಡಿದರು. "ಮಂದಿಗಿ ನಾವು ಗಾಡಿ ಕೊಟ್ಟೀವಿ ಅಂತ ತಿಳ್ಕೊಂಡಿದ್ದೆ. ನಾವು ಕೊಟ್ಟಿದ್ದು ಕೆಲಸ."

ಮೂರ್ತಿ ಹತ್ತಿರ ಬಂದು ಯಾವ ಬಣ್ಣ ಬೇಕು ಎಂದು ಕೇಳಿದ. ನಾನು ಇಲ್ಲ ಎನ್ನಬೇಕೆನ್ನುವಷ್ಟರಲ್ಲಿ ಸಾಹೇಬರು "ಲಾಲ್," ಎಂದರು.

ಆ ಕೆಂಪು ಗಾಡಿ ಕಾರ್ಖಾನೆಯ ಅಂಗಳಕ್ಕೆ ಬಂತು. ಸಾಹೇಬರು ಎಲ್ಲರನ್ನೂ ಕರೆದು, ಒಬ್ಬೊಬ್ಬರೂ ಒಂದು ಸುತ್ತು ಹೊಡೆಯಬೇಕು ಎಂದರು. ಫಿಟ್ಟರುಗಳು, ಬಣ್ಣ ಹಚ್ಚುವವರು, ಗುಮಾಸ್ತರು, ಎಲ್ಲರೂ ಬೇವಿನ ಮರದ ಸುತ್ತ ಒಂದೊಂದು ಸುತ್ತು ಹೊಡೆದರು. ಹೋಗುವಾಗ ನಗುತ್ತ ಹೋದವರು ಇಳಿಯುವಾಗ ಸುಮ್ಮನಾಗುತ್ತಿದ್ದರು. ಗಾಳಿಪಟ ಎಂಬ ಮಾತು ಅವತ್ತಿನಿಂದ ಯಾರ ಬಾಯಲ್ಲೂ ಬರಲಿಲ್ಲ.

ನಾವೂ ಇಂಥದೊಂದು ಮಾಡೋಣ ಎಂದರು ಎಂಜಿನಿಯರುಗಳು. ಕೆಂಪು ಗಾಡಿಯನ್ನು ಬಿಚ್ಚಿ ಬಟ್ಟೆಯ ಮೇಲೆ ಹರಡಿದರು. ನಮ್ಮ ಸಣ್ಣ ಗಾಡಿಗೆ ಮೇಘಕುಮಾರ ಎಂದು ಹೆಸರಿಟ್ಟವನು, ಹೇಳಬೇಕಾಗಿಲ್ಲ, ನಾನೇ. ಆದರೆ ನಮ್ಮ ಕೈಗಳು ಹಳೆಯ ಕೈಗಳು. ಇಷ್ಟು ತೆಳುವಾದ ಚೌಕಟ್ಟು ಕಳಿಸಲು ನಾಚಿಕೆಯಾಗುತ್ತದೆ ಎಂದು ವೆಲ್ಡಿಂಗಿನವರು ಒಂದು ಪಟ್ಟಿ ಹೆಚ್ಚಿಗೆ ಕೊಟ್ಟರು. ಆ ಪಟ್ಟಿಗೆ ಈ ಚಕ್ರ ಸಾಲದೆಂದು ಚಕ್ರದವರು ಚಕ್ರ ದಪ್ಪ ಮಾಡಿದರು. ಆ ಚಕ್ರ ಎಳೆಯಲು ಎಂಜಿನ್ನು ಬೆಳೆಯಿತು. ಎಲ್ಲರೂ ಪ್ರೀತಿಯಿಂದಲೇ ಮಾಡಿದರು. ಮೇಘಕುಮಾರ ಹೊರಗೆ ಬಂದ ದಿನ ನೋಡಿದರೆ ಅವನಪ್ಪ ಮೇಘನಾದನ ತದ್ರೂಪು, ಸ್ವಲ್ಪ ಗಿಡ್ಡ ಅಷ್ಟೆ. ಸಾಹೇಬರು ಬಗ್ಗಿ ನೆಲ ನೋಡಿದರು. ಒಂದು ತೊಟ್ಟು ಎಣ್ಣೆ ಬಿದ್ದಿತ್ತು.

ಅವರು ಅಂದೇ ಬೇವಿನ ಮರದ ಕೆಳಗೆ ಎಲ್ಲರನ್ನೂ ಕೂಡಿಸಿ, ಮೋಟಾರ್‌ಸೈಕಲ್ ಮಾಡುವುದನ್ನು ನಿಲ್ಲಿಸುತ್ತೇವೆ ಎಂದರು. ನಮ್ಮ ಎಂಜಿನ್ನಿನಲ್ಲಿ ದೋಷವಿಲ್ಲ, ಅದನ್ನು ಜನರ ಕಾಲ ನಡುವೆ ಇಟ್ಟದ್ದೇ ದೋಷ, ಇನ್ನು ಮುಂದೆ ಅದನ್ನು ನೆಲದ ಮೇಲೆ ಇಡೋಣ ಎಂದರು. ಹಾಗೆ ನಾವು ಜನರೇಟರ್ ಮಾಡತೊಡಗಿದೆವು. ಎಲ್ಲರಿಗೂ ಅಲ್ಲಿ ಜಾಗವಾಗಲಿಲ್ಲ. ಬಣ್ಣದ ವಿಭಾಗದ ಯಾದಗಿರಿ, ಟ್ಯಾಂಕಿನ ಮೇಲೆ ಬಂಗಾರದ ಗೆರೆ ಎಳೆಯುತ್ತಿದ್ದವರು, ಕುಂಚವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ಹೋದರು. ಜನರೇಟರಿಗೆ ಗೆರೆ ಬೇಕಿರಲಿಲ್ಲ. ಆಮೇಲೆ ಅವರನ್ನು ಅಮೀರ್‌ಪೇಟೆಯಲ್ಲಿ ಒಂದು ಲಾರಿಯ ಹಿಂದೆ ಗಿಣಿ ಬರೆಯುತ್ತಿರುವಾಗ ಕಂಡೆ. ಮಾತಾಡಿಸಿದೆ. ನಗುತ್ತಲೇ ಮಾತಾಡಿದರು. ನನಗೇ ಅಲ್ಲಿ ಬಹಳ ಹೊತ್ತು ನಿಲ್ಲಲಾಗಲಿಲ್ಲ. ಉಳಿದವರಿಗೆ ಕೆಲಸ ಉಳಿಯಿತು. ಮದುವೆ ಛತ್ರ, ಸಿನಿಮಾ ಟಾಕೀಸು, ನರ್ಸಿಂಗ್ ಹೋಮು, ಎಲ್ಲೆಲ್ಲೂ ನಮ್ಮ ಎಂಜಿನ್ನು. ನನ್ನ ಕೆಲಸವೂ ಸುಲಭವಾಯಿತು. ವಿದ್ಯುತ್ ಇಲಾಖೆ ದಿನಾ ಕರೆಂಟು ತೆಗೆದು ನನಗಿಂತ ಚೆನ್ನಾಗಿ ಪ್ರಚಾರ ಮಾಡುತ್ತಿತ್ತು.

ನನ್ನ ಸ್ವಂತ ಮೇಘನಾದನನ್ನು ಜಹೀರಾಬಾದಿನ ಕಡೆಯ ಒಬ್ಬ ರೈತರು ಕೊಂಡರು. ಕಬ್ಬಿನ ಗದ್ದೆಯ ಬದುವಿನಲ್ಲಿ ಓಡಿಸಲು ಭಾರದ ಗಾಡಿಯೇ ಬೇಕು ಎಂದರು. ಅವರು ಚಪ್ಪಲಿಯ ಕಾಲಿನಲ್ಲಿ ಒಮ್ಮೆ ಒದ್ದರು. ಒಂದೇ ಕಿಕ್ಕಿಗೆ ಗುಡುಗಿ ಎದ್ದಿತು, ನನ್ನ ಮಾನ ಕಳೆಯಲೆಂದೇ. ಆ ಕೆಂಪು ಗಾಡಿಯನ್ನು ಎಂಜಿನಿಯರುಗಳು ಮತ್ತೆ ಜೋಡಿಸಿದರು. ಜೋಡಿಸಿದ ಮೇಲೆ ಎರಡು ನಟ್ಟು ಉಳಿದವು. "ಪ್ರೊಫೆಸರ್ ಸಾಹೇಬರೇ ಇಟ್ಕೊಳ್ಳಲಿ," ಎಂದು ಸಾಹೇಬರು ಗಾಡಿಯನ್ನೂ ನಟ್ಟನ್ನೂ ನನಗೇ ಕೊಟ್ಟರು.

ಮೊದಲ ದಿನ ಸಂಜೆ ಅದರ ಮೇಲೆ ಮನೆಗೆ ಬಂದೆ. ಮಲ್ಕಾಜ್‌ಗಿರಿ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿಯೊಂದು ಹೊರಡುತ್ತಿತ್ತು, ಆ ಸದ್ದಿನಲ್ಲಿ ನನ್ನ ಹೊಲಿಗೆ ಯಂತ್ರದ ಸದ್ದು ನನಗೇ ಕೇಳಲಿಲ್ಲ. ಗೇಟಿನ ಮುಂದೆ ಎಂಜಿನ್ ಆರಿಸಿದೆ. ಒಳಗೆ ನಗು ಕೇಳಿಸಿತು. ಯಾರೋ ಗಂಡಸು ಗಹಗಹಿಸಿ ನಗುತ್ತಿದ್ದರು. ನಮ್ಮ ಮನೆಯಲ್ಲಿ ಹಾಗೆ ನಗುವ ಗಂಡಸು ಯಾರೂ ಇರಲಿಲ್ಲ. ಕಿಟಕಿಯ ಹತ್ತಿರ ಹೋಗಿ ನೋಡಿದೆ.

ಪಡಸಾಲೆಯ ನಡುವೆ ಗಿರಿಜಾ ಸೀರೆ ಎತ್ತಿ ಕಟ್ಟಿಕೊಂಡು ನಿಂತಿದ್ದಳು. ಪಕ್ಕದ ಮನೆಯ ಸರಸ್ವತಮ್ಮ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡಿದ್ದರು. ಗಿರಿಜಾ ಗಂಟಲು ದಪ್ಪ ಮಾಡಿ, "ಹಿಂದಕ್ಕ ಸರಿ ಗಿರಿಜಾ, ಈಗ ನೋಡು, ಈ ಸಲ ನೋಡು!" ಎಂದು ಗಾಳಿಯಲ್ಲಿ ಒಂದು ಕಿಕ್ ಹೊಡೆದಳು. "ಇದು ಗಾಡಿ ತಪ್ಪಲ್ಲ, ಪೆಟ್ರೋಲ್ ತಪ್ಪು!"

"ಹಂಗಲ್ಲವ್ವಾ," ಎಂದರು ಯಾರೋ. ಅಪ್ಪ! ಕುರ್ಚಿಯಿಂದ ಎದ್ದು ಬಂದರು. ನಕ್ಕು ನಕ್ಕು ಕಣ್ಣಲ್ಲಿ ನೀರು. "ಅಂವ ಮೊದ್ಲು ಟಾಕಿಗೆ ಕಿವಿ ಹಚ್ಚತಾನ. ಒಳಗ ಪೆಟ್ರೋಲ್ ಏನಂತೈತಿ ಕೇಳಿದಂಗ. ಆಮ್ಯಾಲೆ ಎರಡೂ ಕಡೆ ನೋಡ್ತಾನ, ಯಾರರ ನೋಡಾಕತ್ತಾರೇನಂತ. ಯಾರೂ ನೋಡಾಕತ್ತಿಲ್ಲ ಅಂದ್ರ ಗಾಡಿಗೆ ಸಣ್ಣಗೆ ಕೈಮುಗೀತಾನ." ಅಪ್ಪ ಬಗ್ಗಿ ಇಲ್ಲದ ಟ್ಯಾಂಕಿಗೆ ಕಿವಿ ಹಚ್ಚಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕೈಮುಗಿದರು. ಆಮೇಲೆ ತುಟಿ ಕಚ್ಚಿ, ಎಡಭುಜ ಸ್ವಲ್ಪ ಮೇಲೆತ್ತಿ, ಒಂದು ಕಿಕ್ ಹೊಡೆದರು.

ನಾನೇ. ತುಟಿ ನನ್ನದು, ಭುಜ ನನ್ನದು. ಕೈಮುಗಿಯುವುದು ಈ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲವೆಂದು ನಂಬಿದ್ದೆ.

ಬಾಗಿಲು ತಳ್ಳಿ ಒಳಗೆ ಹೋಗಬೇಕೆಂದುಕೊಂಡೆ. ಅಷ್ಟರಲ್ಲಿ ಹೊಳೆಯಿತು. ಇದು ಇಂದಿನ ಆಟವಲ್ಲ. ಇಷ್ಟು ಪಳಗಿದ ಆಟ ದಿನಾ ಸಂಜೆ ನಡೆಯುತ್ತಿದ್ದಿರಬೇಕು, ನನ್ನ ಮೇಘನಾದ ಓಣಿಯ ಆಚೆ ಗುಡುಗಿದ ಕೂಡಲೇ ತೆರೆ ಬೀಳುತ್ತಿದ್ದಿರಬೇಕು. ಮತ್ತೆ, ಆ ಭುಜವನ್ನು ಅಷ್ಟು ಸರಿಯಾಗಿ ಎತ್ತಬೇಕಾದರೆ ಅಪ್ಪ ಅಷ್ಟು ವರ್ಷ ಪೇಪರನ್ನು ಓದಿರಲಾರರು.

ಹಿಂದೆ ಸರಿದೆ. ಗಾಡಿಯನ್ನು ಸದ್ದಿಲ್ಲದೆ ತಳ್ಳಿಕೊಂಡು ಓಣಿಯ ಮೂಲೆಯವರೆಗೆ ಹೋದೆ. ಅಷ್ಟು ಹಗುರ ಗಾಡಿ, ಒಂದೇ ಕೈ ಸಾಕಾಯಿತು. ಅಲ್ಲಿ ಚಾಲೂ ಮಾಡಿ, ಮನೆಯವರೆಗೂ ಹಾರ್ನ್ ಹೊಡೆಯುತ್ತ ಬಂದೆ. ಗೇಟು ತೆಗೆದಾಗ ಸರಸ್ವತಮ್ಮ ಹಿತ್ತಲ ಬಾಗಿಲಿನಿಂದ ಮಾಯವಾಗಿದ್ದರು. ಅಪ್ಪ ಕುರ್ಚಿಯಲ್ಲಿ ಕೂತು ನನ್ನ ಕಡೆ ನೋಡುವ ಮೊದಲು ಗಡಿಯಾರ ನೋಡಿದರು.

"ಈಗ ಬಂದ್ರೇನ್ರಿ? ಚಾ ಇಡ್ತೀನಿ ತಡೀರಿ," ಎಂದಳು ಗಿರಿಜಾ. ಸೆರಗು ಇನ್ನೂ ಸೊಂಟದಲ್ಲೇ ಇತ್ತು.

ಆಮೇಲೆ ನಾನು ಆ ಮೂಲೆಯಲ್ಲಿ ಹಾರ್ನ್ ಹೊಡೆಯದೆ ಓಣಿಯೊಳಗೆ ಬಂದದ್ದೇ ಇಲ್ಲ. ಅಪ್ಪ ಇರುವವರೆಗೂ ಹಾಗೇ ನಡೆಯಿತು. ಕೆಲವು ಸಂಜೆ ಮಾತ್ರ, ಆಫೀಸಿನಲ್ಲಿ ಬಹಳ ಬೇಸರವಾಗಿದ್ದ ದಿನ, ಹಾರ್ನ್ ಹೊಡೆಯುವ ಮೊದಲು ಕಿಟಕಿಯವರೆಗೆ ಒಮ್ಮೆ ನಡೆದುಹೋಗಿ ನೋಡಿಕೊಂಡು ಬರುತ್ತಿದ್ದೆ. ನನ್ನ ಪಾತ್ರವನ್ನು ಅಪ್ಪ ನನಗಿಂತ ಚೆನ್ನಾಗಿ ಮಾಡುತ್ತಿದ್ದರು.